ಮುಂಗಡ ಕೊಡುವ ಮುನ್ನ

ನೆಲಮಂಗಲದ ಬಳಿಯ ಬಡಾವಣೆಗೆ ‘ಪಂಚಾಯಿತಿ ಅನುಮೋದನೆ ಇದೆ’ ಎಂದು ಏಜೆಂಟರು ಹೇಳಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಆ ಮಾತಿನ ಮೇಲೆ ಹಣ ಕೊಡಬೇಡಿ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡಬೇಕಾದ್ದು ಆ ಪ್ರದೇಶದ ಯೋಜನಾ ಪ್ರಾಧಿಕಾರ. ಅದಕ್ಕೂ ಮೊದಲು, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆಗಿರಬೇಕು. ಭೂಪರಿವರ್ತನೆ ಆದೇಶದಲ್ಲಿರುವ ಸರ್ವೆ ನಂಬರೂ ನಿಮಗೆ ತೋರಿಸುತ್ತಿರುವ ನಂಬರೂ ಒಂದೇನಾ ನೋಡಿ. ಪಕ್ಕದ ನಂಬರಿನ ಆದೇಶ ತೋರಿಸಿ ಮಾರುವವರಿದ್ದಾರೆ.

500 ಚದರ ಮೀಟರ್‌ಗಿಂತ ದೊಡ್ಡ ಯೋಜನೆಗೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯಡಿ ನೋಂದಣಿ ಕಡ್ಡಾಯ. ಜಾಹೀರಾತಿನಲ್ಲಿರುವ ನೋಂದಣಿ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹುಡುಕಿ, ನಕ್ಷೆ ತೆರೆದು ನಿಮ್ಮ ನಿವೇಶನ ಅದರಲ್ಲಿದೆಯೇ ಪರೀಕ್ಷಿಸಿ. ‘ಅರ್ಜಿ ಹಾಕಿದ್ದೇವೆ’ ಎಂದರೆ ನೋಂದಣಿ ಆಗಿಲ್ಲವೆಂದೇ ಅರ್ಥ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಿಮ್ಮಿಂದ ಕೇಳುತ್ತಿರುವುದು ಅರ್ಧ!

ಆದರೆ ರೇರಾ ಸಂಖ್ಯೆ ಒಡೆತನಕ್ಕೆ ಖಾತರಿಯಲ್ಲ. ಮೂಲಪತ್ರಗಳು, ಕನಿಷ್ಠ 30 ವರ್ಷದ ಋಣಭಾರ ಪ್ರಮಾಣಪತ್ರ, ಇ-ಖಾತೆ ಇವನ್ನು ವಕೀಲರಿಂದ ಓದಿಸಿ. ಆ ವಕೀಲರು ಬಿಲ್ಡರ್ ಕಡೆಯವರಾಗಿರಬಾರದು. ಜಮೀನು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ಪ್ರತ್ಯೇಕವಾಗಿ ಕೇಳಿ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೈಬದಲಾಗಿದ್ದರೆ ಇಂಥ ಜಮೀನಿನ ವರ್ಗಾವಣೆ ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯಂತೆ ಆ ಕಾಯ್ದೆಯಡಿ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ; ಎಷ್ಟೋ ವರ್ಷ ಕಳೆಯಿತೆಂಬ ಮಾತನ್ನು ನೆಚ್ಚಬೇಡಿ.

ತಾಯಿಯವರ ನಿವೃತ್ತಿ ಹಣ ಇದು ಎಂದಿದ್ದೀರಿ. ಈ ವಾರವೇ ಕೊಡಬೇಕೆಂಬ ಒತ್ತಾಯಕ್ಕೆ ಮಣಿಯಬೇಡಿ. ಎಲ್ಲ ದಾಖಲೆಗಳ ಪ್ರತಿಯನ್ನು ಮೊದಲು ಕೇಳಿ.