ಸೀಟು ಮೆತ್ತಗಿದ್ದರೆ ಸಾಲದು

ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬರುವುದೆಂದರೆ 100 ಕಿ.ಮೀ. ದಾಟುವ ಸವಾರಿ. ಅಷ್ಟು ದೂರ ತುಳಿಯುವ ಹೆಣ್ಣುಮಕ್ಕಳಿಗೆ ಸೀಟು ಹೊಂದದಿದ್ದರೆ ಅರ್ಧ ದಾರಿಯಲ್ಲೇ ಸಾಕುಸಾಕೆನಿಸುತ್ತದೆ. ಹಾಗೆಂದು ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಮೆತ್ತಗಿರುವ ಜೆಲ್ ಸೀಟು ಕೊಂಡುಬಿಡಬೇಡಿ. ಮಾರ್ಕೆಟ್‌ಗೆ ಹೋಗಿಬರಲು ಅದು ಸರಿ; ಗಂಟೆಗಟ್ಟಲೆ ಕೂತರೆ ಮೂಳೆ ಒಳಗೆ ಹುದುಗಿ, ಮೆತ್ತೆ ಉಬ್ಬಿ, ನಡುವಿನ ಸೂಕ್ಷ್ಮ ಭಾಗವನ್ನು ಒತ್ತುತ್ತದೆ.

ನೋಡಬೇಕಾದದ್ದು ಅಗಲ. ಕೂತಾಗ ಭಾರ ಹೊರುವುದು ಪೃಷ್ಠದ ಎರಡು ಮೂಳೆಗಳು. ಅವುಗಳ ಅಂತರ ಸಾಮಾನ್ಯವಾಗಿ ಹೆಂಗಸರಲ್ಲಿ ಹೆಚ್ಚು. ಮನೆಯಲ್ಲೇ ಅಳೆಯಬಹುದು. ಗಟ್ಟಿ ಕುರ್ಚಿಯ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡು ಹಾಕಿ, ಕೊಂಚ ಮುಂದೆ ಬಾಗಿ ಒಂದು ನಿಮಿಷ ಕೂತು ಏಳಿ. ರಟ್ಟಿನಲ್ಲಿ ಎರಡು ತಗ್ಗು ಮೂಡಿರುತ್ತವೆ. ಅವುಗಳ ಮಧ್ಯಬಿಂದುಗಳ ಅಂತರಕ್ಕೆ 20-25 ಮಿ.ಮೀ. ಸೇರಿಸಿದರೆ ಸೀಟಿನ ಅಂದಾಜು ಅಗಲ ಸಿಕ್ಕಿತು. ‘ಲೇಡೀಸ್’ ಎಂಬ ಲೇಬಲ್‌ಗಿಂತ ಈ ಅಳತೆ ನಂಬಿ. ಜೋಮು ಹಿಡಿಯುತ್ತಿದ್ದರೆ ನಡುವೆ ಸೀಳಿರುವ ಸೀಟು ಹಾಕಿಸಿ ನೋಡಿ.

ಹೊಸ ಸೀಟನ್ನು ಮೊದಲು ಸಮತಟ್ಟಾಗಿ ಕೂರಿಸಿ. ಬೇಕಿದ್ದರೆ ಆಮೇಲೆ ಮೂತಿಯನ್ನು ತುಸುವೇ ತಗ್ಗಿಸಿ. ಸೀಟು ಅತಿ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡಿ ತೊಡೆಸಂದಿ ಉಜ್ಜುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೊಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮ ತರಚುತ್ತದೆ. ಆಗಾಗ ಪೆಡಲ್ ಮೇಲೆ ಎದ್ದು ನಿಂತು ಭಾರ ಇಳಿಸಿ.

ಮೊದಲ ಕೆಲವು ದಿನ ಮೂಳೆ ನೋಯುವುದು ಸಹಜ. ಜೋಮು, ಊತ, ಗಾಯ ಸಹಜವಲ್ಲ. ಅಂಥ ಸೀಟನ್ನು ಮುಲಾಜಿಲ್ಲದೆ ಬದಲಿಸಿ.