ಶಾಲೆಯ ಲೆಕ್ಕಪತ್ರವೂ ಗಣಕಯಂತ್ರವೂ

ಒಂದು ಶಾಲೆಯ ಯೋಗ್ಯತೆಯನ್ನು ತಿಳಿಯಬೇಕಾದರೆ ಅದರ ಕಟ್ಟಡವನ್ನು ನೋಡಿದರೆ ಸಾಲದು. ಅದರ ಮುಖ್ಯಗುರುಗಳು ದಿನದಲ್ಲಿ ಎಷ್ಟು ಹೊತ್ತು ಮಕ್ಕಳ ನಡುವೆ ಇರುತ್ತಾರೆ, ಎಷ್ಟು ಹೊತ್ತು ಕಾಗದಗಳ ನಡುವೆ ಇರುತ್ತಾರೆ ಎಂಬುದನ್ನು ನೋಡಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಬೇರೆ ಕಾರಕೂನರಿರುವುದಿಲ್ಲ. ಪಾಠ ಹೇಳುವವರೇ ಲೆಕ್ಕವನ್ನೂ ಬರೆಯಬೇಕು. ಆದುದರಿಂದ ಗಣಕಯಂತ್ರವು ಅವರ ಹೊತ್ತನ್ನು ನಿಜವಾಗಿ ಉಳಿಸುವುದೇ ಎಂಬ ಪ್ರಶ್ನೆಯು ನಮ್ಮೆಲ್ಲರ ತಮ್ಮ ತಂಗಿಯರಿಗೆ ಸಂಬಂಧಪಟ್ಟದ್ದಾಗಿದೆ.

ಮೊದಲು ಉಪಯೋಗವನ್ನು ನೋಡೋಣ. ಬಿಸಿಯೂಟದ ಲೆಕ್ಕವನ್ನೇ ತೆಗೆದುಕೊಳ್ಳಿರಿ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಆರರಿಂದ ಎಂಟನೆಯ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ ಎಂದು ನಿಯಮವಿದೆ. ಒಂದು ದಿನ ಕಿರಿಯರು 64 ಮಂದಿ, ಹಿರಿಯರು 42 ಮಂದಿ ಊಟಕ್ಕೆ ಕುಳಿತರೆನ್ನೋಣ. ಆಗ ಅಕ್ಕಿಯು 6.4 ಮತ್ತು 6.3, ಕೂಡಿ 12.7 ಕಿಲೋ, ಬೇಳೆಯು 2.54 ಕಿಲೋ ಆಗುತ್ತದೆ. ಇದನ್ನು ಕಳೆದು ಉಳಿದ ದಾಸ್ತಾನು ತೆಗೆಯಬೇಕು. ತಿಂಗಳ ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಎಕ್ಸೆಲ್ ಹಾಳೆಯಲ್ಲಿ ಒಮ್ಮೆ ಸೂತ್ರವನ್ನು ಬರೆದಿಟ್ಟರೆ ಮುಂದೆ ಪ್ರತಿದಿನವೂ ಎರಡು ಅಂಕಿಗಳನ್ನು ತುಂಬಿದರೆ ಸಾಕು. ಆದರೆ ಸೂತ್ರವೇ ತಪ್ಪಿದರೆ ಇಡೀ ತಿಂಗಳ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಮೊದಲ ದಿನದ ಲೆಕ್ಕವನ್ನು ಕೈಯಿಂದಲೂ ಮಾಡಿ ತಾಳೆ ನೋಡುವುದು ಅವಶ್ಯ.

ಎರಡನೆಯದು ವಿದ್ಯಾರ್ಥಿಗಳ ದಾಖಲೆ. ಕರ್ನಾಟಕದಲ್ಲಿ ಸ್ಯಾಟ್ಸ್ ಎಂಬ ವ್ಯವಸ್ಥೆಯಿದ್ದು, ಪ್ರತಿ ವಿದ್ಯಾರ್ಥಿಗೂ ಒಂದು ಸಂಖ್ಯೆಯಿರುತ್ತದೆ. ಮಗುವು ಬೀಳಗಿಯ ಹಳ್ಳಿಯೊಂದರಿಂದ ಮುಧೋಳದ ಶಾಲೆಗೆ ಹೋದರೆ ಈ ಸಂಖ್ಯೆಯಿಂದಲೇ ಅದರ ಹಿಂದಿನ ವಿವರಗಳು ದೊರೆಯುತ್ತವೆ. ಇಡೀ ದೇಶಕ್ಕೆ ಯು-ಡೈಸ್ ಎಂಬುದಿದೆ. ಇದರಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತವುಂಟು. ಅದರ ಮೊದಲ ಎರಡು ಅಂಕಿಗಳಾದ 29 ಎಂಬುದು ನಮ್ಮ ರಾಜ್ಯವನ್ನು ತೋರಿಸುತ್ತದೆ. 2022-23ರಿಂದ ಇದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೂ ತುಂಬಲಾಗುತ್ತಿದೆ. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದ ನಮ್ಮ ಕಡೆಗೆ ಬರುವ ಕಡಿಯುವವರ ಮಕ್ಕಳನ್ನು ನೆನೆದರೆ, ರಾಜ್ಯದ ಗಡಿಯನ್ನು ದಾಟುವ ದಾಖಲೆಯ ಬೆಲೆ ತಿಳಿಯುತ್ತದೆ.

ಇಲ್ಲಿಯೇ ತೊಡಕೂ ಇದೆ. ಒಂದೇ ಮಗುವಿನ ಹೆಸರು, ಜನ್ಮದಿನಾಂಕಗಳು ದಾಖಲಾತಿ ಪುಸ್ತಕದಲ್ಲಿ ಒಮ್ಮೆ, ಸ್ಯಾಟ್ಸ್‌ನಲ್ಲಿ ಒಮ್ಮೆ, ಯು-ಡೈಸ್‌ನಲ್ಲಿ ಒಮ್ಮೆ ಬರಬೇಕು. ಬರೆದದ್ದನ್ನೇ ಮೂರು ಸಲ ಬರೆದರೆ ಉಳಿದ ಸಮಯವೆಲ್ಲಿ? ಮೂರರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರಂತೂ ತೊಂದರೆ ಮಗುವಿಗೇ. ನನ್ನ ತಂಗಿಯ ಹೆಸರು ಸಾವಿತ್ರಿ. ಇಂಗ್ಲಿಷಿನಲ್ಲಿ ಬರೆಯುವಾಗ ಶಾಲೆಯ ದಾಖಲೆಯಲ್ಲಿ ಕೊನೆಗೆ ಒಂದು ಐ, ಆಧಾರಿನಲ್ಲಿ ಎರಡು ಇ ಬಿದ್ದಿದ್ದವು. ಇಷ್ಟಕ್ಕೇ ಅವಳ ವಿದ್ಯಾರ್ಥಿವೇತನ ಆ ವರ್ಷ ಬರಲಿಲ್ಲ. ತಿದ್ದಿಸುವುದಕ್ಕಾಗಿ ನಮ್ಮ ಅವ್ವ ಮೂರು ದಿನದ ಕೂಲಿಯನ್ನು ಬಿಟ್ಟು ತಿರುಗಾಡಿದಳು.

ಇದನ್ನು ನಮ್ಮೂರ ಮುಖ್ಯಗುರುಗಳಿಗೆ ಹೇಳಿದಾಗ ಅವರು ನಕ್ಕು, "ತಮ್ಮಾ, ಯಂತ್ರ ಲೆಕ್ಕ ಮಾಡತೈತಿ ಖರೆ, ಆದರ ಅಂಕಿ ಅಕ್ಷರ ಕೊಡೋರು ನಾವ ಅಲ್ಲೇನು?" ಎಂದರು. ಆ ಮೇಲೆ ರಜೆಯಲ್ಲಿ ನಾನು ಅವರ ಬಳಿ ಕೆಲವು ದಿನ ಕುಳಿತು ಕೆಲಸ ಮಾಡಿದೆನು. ಆಗ ಕಂಡುಕೊಂಡ ಮಾತುಗಳಿವು.

ಮೊದಲನೆಯದಾಗಿ, ಹೊಸ ಮಗುವನ್ನು ದಾಖಲಿಸುವಾಗಲೇ ಪಾಲಕರನ್ನು ಎದುರಿಗೆ ಕೂಡಿಸಿಕೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಬೇಕು. ಅಂದಿನ ಐದು ನಿಮಿಷ ಮುಂದಿನ ಐದು ದಿನಗಳನ್ನು ಉಳಿಸುತ್ತದೆ. ಎರಡನೆಯದಾಗಿ, ಅಂದಿನ ಅಂಕಿಯನ್ನು ಅಂದೇ ತುಂಬಬೇಕು. ತಿಂಗಳ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತಾಗ ಜಾಲವೂ ನಿಧಾನವಾಗುತ್ತದೆ. ಮೂರನೆಯದಾಗಿ, ಕನ್ನಡವನ್ನು ಯುನಿಕೋಡ್‌ನಲ್ಲಿಯೇ ಬರೆದಿಡಬೇಕು. ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ನಾಲ್ಕನೆಯದಾಗಿ, ಮಕ್ಕಳ ಆಧಾರ್ ಸಂಖ್ಯೆಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಾಗದು. ಅದು ಮಗುವಿನ ಸ್ವಂತದ ವಿಷಯ. ಇಂಥ ವಿವರಗಳ ರಕ್ಷಣೆಗಾಗಿ 2023ರಲ್ಲಿ ಕಾಯಿದೆಯೇ ಆಗಿದೆ. ಕೊನೆಯದಾಗಿ, ಹಳೆಯ ದಾಖಲಾತಿ ಪುಸ್ತಕವನ್ನು ಜೋಪಾನವಾಗಿ ಕಾಯಬೇಕು. ಹುಟ್ಟಿದ ತಾರೀಖಿನ ಉತಾರಕ್ಕಾಗಿ ಇಂದಿಗೂ ಮುಪ್ಪಿನವರು ಶಾಲೆಯ ಬಾಗಿಲಿಗೆ ಬರುತ್ತಾರೆ.

ಶಿಕ್ಷಣ ಹಕ್ಕಿನ 2009ರ ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆಂದು ಹೇಳುತ್ತದೆ. ಶಾಲೆಯದೇ ಲೆಕ್ಕಪತ್ರಕ್ಕೆ ಈ ಮಾತು ನೇರವಾಗಿ ತಗಲದಿರಬಹುದು. ಆದರೆ ಅದರ ಉದ್ದೇಶವು ಸ್ಪಷ್ಟವಾಗಿದೆ. ಗುರುವಿನ ಹೊತ್ತು ಮಕ್ಕಳದು. ಯಂತ್ರವು ಅರ್ಧ ತಾಸು ಉಳಿಸಿಕೊಟ್ಟಾಗ ಆ ಅರ್ಧ ತಾಸನ್ನು ಹೊಸದೊಂದು ನಮೂನೆ ನುಂಗಿದರೆ ಪ್ರಯೋಜನವೇನು? ಅದು ಓದಲು ತಡವರಿಸುವ ಹುಡುಗನ ಪಕ್ಕದಲ್ಲಿ ಕಳೆಯಬೇಕು.

ನಮ್ಮಲ್ಲಿ ಎಷ್ಟೋ ಜನ ನಾಳೆ ಶಿಕ್ಷಕರಾಗುವವರಿದ್ದೇವೆ. ಗಣಕಯಂತ್ರದ ಕೆಲಸವನ್ನು ಇಂದೇ ಚೆನ್ನಾಗಿ ಕಲಿಯೋಣ. ಅದರ ಮುಂದೆ ಹೆಚ್ಚು ಹೊತ್ತು ಕೂಡದಿರುವುದಕ್ಕಾಗಿಯೇ ಕಲಿಯೋಣ.