ಗಲ್ಫ್‌ನಿಂದ ಬಂದ ಪವರ್ ಪತ್ರ: ಆಸ್ತಿ ವಕೀಲರ ಕೆಲಸದ ಒಂದು ಪರಿಚಯ

ತರಗತಿಯಲ್ಲಿ "ಗಲ್ಫ್‌ನಲ್ಲಿ ಸಂಬಂಧಿಕರಿರುವವರು ಕೈ ಎತ್ತಿ" ಎಂದರೆ ಹೆಚ್ಚಿನ ಬೆಂಚುಗಳಲ್ಲಿ ಕೈ ಮೇಲೇಳುತ್ತದೆ. "ನಿಮ್ಮ ಮನೆ ಜಾಗದ ಆರ್.ಟಿ.ಸಿ. ಯಾರ ಹೆಸರಿನಲ್ಲಿದೆ?" ಎಂದು ಕೇಳಿದರೆ ಮಾತ್ರ ಎಲ್ಲರೂ ಮೌನ. ಹೊರದೇಶದಲ್ಲಿ ದುಡಿಯುವವರ ಊರಿನ ಆಸ್ತಿ ನೋಡಿಕೊಳ್ಳುವ ವಕೀಲರಿಗೆ ಕೆಲಸ ಹುಟ್ಟುವುದೇ ಈ ಮೌನದಿಂದ. ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೇನಿದೆ ಎಂದು ಕೇಳುವ ವಿದ್ಯಾರ್ಥಿಗಳಿಗಾಗಿ ಈ ಸಲ ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕದಲ್ಲಿ ಅಟಾರ್ನಿ ಎಂದರೆ ಸಾಮಾನ್ಯವಾಗಿ ವಕೀಲ. ನಮ್ಮಲ್ಲಿ 'ಪವರ್ ಆಫ್ ಅಟಾರ್ನಿ' ಪಡೆದವರು ನಿಮ್ಮ ಮಾವನೂ ಆಗಬಹುದು, ನೆರೆಮನೆಯವರೂ ಆಗಬಹುದು. ದುಬೈಯಲ್ಲಿರುವ ಅಣ್ಣ ರಜೆ ಸಿಗದೆ ಊರಿಗೆ ಬರಲಾರ. ತನ್ನ ಪರವಾಗಿ ಸಹಿ ಹಾಕಲು ತಮ್ಮನಿಗೆ ಅಧಿಕಾರ ಕೊಡುತ್ತಾನೆ. ಆ ಪತ್ರಕ್ಕೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಣ ಆಗಬೇಕು. ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊಟ್ಟವನು ತೀರಿಹೋದರೆ ಸಾಮಾನ್ಯವಾಗಿ ಪತ್ರದ ಬಲವೂ ಅಂದಿಗೇ ಮುಗಿಯುತ್ತದೆ. ಇದು ತಿಳಿಯದೆ ತಂದೆ ತೀರಿದ ಮೇಲೂ ಹಳೆಯ ಪವರ್ ಹಿಡಿದು ಜಾಗ ಮಾರಲು ಹೊರಡುವವರಿದ್ದಾರೆ. ಇನ್ನು ಬರೀ ಜಿ.ಪಿ.ಎ. ಬರೆಸಿಕೊಂಡು 'ಜಾಗ ಕೊಂಡೆ' ಎನ್ನುವವರಿಗೆ ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಉತ್ತರ ಕೊಟ್ಟಿದೆ: ನೋಂದಾಯಿತ ಕ್ರಯಪತ್ರ ಇಲ್ಲದೆ ಒಡೆತನ ಬರುವುದಿಲ್ಲ.

ಈಗ ಒಂದು ಲೆಕ್ಕ. ಒಬ್ಬರು 40 ಸೆಂಟ್ಸ್ ಮನೆ ಜಾಗ ಬಿಟ್ಟು ತೀರಿಹೋದರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಅವರ ತಂದೆತಾಯಿ ಮೊದಲೇ ತೀರಿದ್ದಾರೆ. ಸಾಲ, ವಸಿಯ್ಯತ್ ಯಾವುದೂ ಇಲ್ಲ ಎಂದಿಟ್ಟುಕೊಳ್ಳಿ. ಮುಸ್ಲಿಂ ವಾರಸು ಕಾನೂನಿನಂತೆ ಹೆಂಡತಿಗೆ ಎಂಟನೇ ಒಂದು ಪಾಲು, ಅಂದರೆ 5 ಸೆಂಟ್ಸ್. ಉಳಿದ 35ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಹಾಗಾಗಿ ಗಂಡುಮಕ್ಕಳಿಗೆ 14ರಂತೆ 28, ಮಗಳಿಗೆ 7. ಗಲ್ಫ್‌ನಲ್ಲಿರುವ ಗಂಡುಮಕ್ಕಳು ಪವರ್ ಕಳುಹಿಸಿ ಇಡೀ 40 ಸೆಂಟ್ಸ್ ಮಾರಿಸಿದರೆ ಏನಾಗುತ್ತದೆ? ಉಮ್ಮನ 5, ತಂಗಿಯ 7 ಸೆಂಟ್ಸ್ ಕೊಂಡವರಿಗೆ ಹೋಗುವುದಿಲ್ಲ. ಮದುವೆಯಾಗಿ ಹೋದವಳ ಸಹಿ ಯಾಕೆ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ, ನಾಚಿಕೆಯ ಸಂಗತಿ. ಒಳ್ಳೆಯ ವಕೀಲ ಮೊದಲು ಕೇಳುವುದೇ ಆ ಸಹಿಯನ್ನು.

ಕೆಲವೊಮ್ಮೆ ಕಕ್ಷಿದಾರನಿಗೆ 'ಆಗುವುದಿಲ್ಲ' ಎಂದೇ ಹೇಳಬೇಕಾಗುತ್ತದೆ. ಅನಿವಾಸಿ ಭಾರತೀಯರು ಊರಿನಲ್ಲಿ ಮನೆ, ಫ್ಲ್ಯಾಟ್, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ವಾರಸಿನಿಂದ ಬಂದರೆ ಅಡ್ಡಿಯಿಲ್ಲ. ಅಡಿಕೆ ತೋಟದ ಕನಸು ಕಾಣುತ್ತಾ ಹತ್ತು ವರ್ಷ ದುಡಿದವರಿಗೆ ಇದನ್ನು ಹೇಳುವುದು ಸುಲಭವಲ್ಲ.

ನಮ್ಮ ಗಡಿ ಭಾಗದಲ್ಲಿ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರವರೆಗೆ ಕನ್ಯಾನವೂ ಮಂಜೇಶ್ವರದ ಕಡೆಯ ಊರುಗಳೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಈಗ ಆಚೆಯ ಜಾಗಕ್ಕೆ ಕೇರಳದ ಮುದ್ರಾಂಕ ಶುಲ್ಕ, ಕೇರಳದ ನೋಂದಣಿ ಕಚೇರಿ. ಹಳೆಯ ದಸ್ತಾವೇಜುಗಳಲ್ಲಿ ಮಾತ್ರ ಎರಡೂ ಕಡೆ ಅದೇ ಮೂಲಗೇಣಿ, ಚಾಲಗೇಣಿ, ವರ್ಗ, ಕುಮ್ಕಿ. ಹಳೆಯ ಕನ್ನಡ ಕೈಬರಹ ಓದಬಲ್ಲ, ಮಲಯಾಳಂ ಅರ್ಥವಾಗುವ, ಇಂಗ್ಲಿಷಿನಲ್ಲಿ ಬರೆಯಬಲ್ಲ ವಕೀಲರಿಗೆ ಇಲ್ಲಿ ಕೆಲಸದ ಕೊರತೆಯಿಲ್ಲ. ನಿಮ್ಮಲ್ಲಿ ಅನೇಕರಿಗೆ ಇವುಗಳಲ್ಲಿ ಎರಡು ಈಗಾಗಲೇ ಬರುತ್ತವೆ!

ವಲಸೆ ಹೋದ ದೇಶದಲ್ಲೇ ವಕೀಲರಾಗಿ, ಅಲ್ಲಿನ ನಮ್ಮವರ ಜಾಗದ ವ್ಯಾಜ್ಯ ನಡೆಸಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಗಾಂಧೀಜಿಯವರದು. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ಪೋರಬಂದರಿನ ಮುಸ್ಲಿಂ ವ್ಯಾಪಾರಿ ದಾದಾ ಅಬ್ದುಲ್ಲಾ ಅವರ ಕಂಪೆನಿಯ ಮೊಕದ್ದಮೆಗಾಗಿ. ಲೆಕ್ಕದ ಕಾಗದದಲ್ಲಿದ್ದ 'ಪಿ. ನೋಟ್' ಎಂದರೇನೆಂದು ಅವರಿಗೆ ತಿಳಿಯಲಿಲ್ಲ. ಪ್ರಾಮಿಸರಿ ನೋಟ್ ಎಂದು ಗೊತ್ತಾದ ಮೇಲೆ ಲೆಕ್ಕಪತ್ರದ ಪುಸ್ತಕವೊಂದನ್ನು ಕೊಂಡು ಓದಿದರು. (ವಾಣಿಜ್ಯ ವಿಭಾಗದವರು ಗಮನಿಸಿ.) 1894ರಲ್ಲಿ ನಟಾಲ್‌ನಲ್ಲಿ ವಕೀಲರಾಗಲು ಅರ್ಜಿ ಹಾಕಿದಾಗ ಅಲ್ಲಿನ ವಕೀಲರ ಸಂಘ ವಿರೋಧಿಸಿತು, ನ್ಯಾಯಾಲಯ ಒಪ್ಪಿಕೊಂಡಿತು. ಟ್ರಾನ್ಸ್‌ವಾಲ್‌ನಲ್ಲಿ 1885ರ ಮೂರನೇ ಕಾನೂನು ಭಾರತೀಯರ ಜಾಗದ ಒಡೆತನಕ್ಕೆ ತಡೆಯೊಡ್ಡಿತ್ತು. ಜೋಹಾನ್ಸ್‌ಬರ್ಗ್‌ನ ಭಾರತೀಯರ ಕೇರಿಯಲ್ಲಿ 99 ವರ್ಷಗಳ ಗೇಣಿಯ ಮೇಲೆ ನಿವೇಶನಗಳಿದ್ದವು. ನಗರಸಭೆ ಆ ಕೇರಿಯನ್ನು ವಶಪಡಿಸಿಕೊಂಡಾಗ ಪರಿಹಾರಕ್ಕಾಗಿ ಗಾಂಧೀಜಿ ಸುಮಾರು 70 ಪ್ರಕರಣ ನಡೆಸಿದರು, ಸೋತದ್ದು ಒಂದೇ. ಸೋತರೂ ಗೆದ್ದರೂ ಗೇಣಿಯೊಂದಕ್ಕೆ 10 ಪೌಂಡ್ ಎಂದು ಮೊದಲೇ ಹೇಳಿದ್ದರು. ಶುಲ್ಕವನ್ನು ಹೀಗೆ ಮುಂಚೆಯೇ ಬಾಯಿಬಿಟ್ಟು ಹೇಳುವುದು ಇಂದಿನ ವಕೀಲರಿಗೂ ಒಪ್ಪುವ ಮಾತು.

ಸನ್ನದು ಪಾಸ್‌ಪೋರ್ಟಿನಂತೆ ಗಡಿ ದಾಟುವುದಿಲ್ಲ, ಇದು ಇಂದಿಗೂ ಹಾಗೆಯೇ. ನಮ್ಮ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಬೇಕಾದರೆ ಅರ್ಹತೆ ತೋರಿಸಿ ಅಲ್ಲಿನ ಬಾರ್ ಪರೀಕ್ಷೆ ಬರೆಯಬೇಕು. ಅದಕ್ಕಾಗಿ ಅನೇಕರು ಅಲ್ಲಿ ಎಲ್‌ಎಲ್.ಎಂ. ಓದುತ್ತಾರೆ. ಗಲ್ಫ್‌ಗೆ ಹೋದ ನಮ್ಮ ಕಾನೂನು ಪದವೀಧರರು ಹೆಚ್ಚಾಗಿ ಕಾನೂನು ಸಲಹೆಗಾರರಾಗಿ ಕರಾರುಪತ್ರ ಬರೆಯುವ, ಸಲಹೆ ಕೊಡುವ ಕೆಲಸದಲ್ಲಿರುತ್ತಾರೆ.

ದಾರಿ ಪಿ.ಯು.ಸಿ.ಯಿಂದಲೇ ಶುರು. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು, ಮೀಸಲಾತಿಯವರಿಗೆ ರಿಯಾಯಿತಿಯಿದೆ. ಐದು ವರ್ಷದ ಕಾನೂನು ಪದವಿಗೆ ಮಂಗಳೂರಿನ ಎಸ್.ಡಿ.ಎಂ., ಪುತ್ತೂರಿನ ವಿವೇಕಾನಂದ ಕಾನೂನು ಕಾಲೇಜುಗಳು ಹತ್ತಿರ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವುದಾದರೆ ಕ್ಲಾಟ್ ಬರೆಯಬೇಕು. ಪದವಿ ಮುಗಿದ ಮೇಲೆ ನೋಂದಣಿ ಮತ್ತು ಅಖಿಲ ಭಾರತ ಬಾರ್ ಪರೀಕ್ಷೆ.

ಅದಕ್ಕೂ ಮೊದಲು ಈ ವಾರದ ಕೆಲಸ: ಮನೆಯ ಹಿರಿಯರನ್ನು ಕೇಳಿ ಒಂದು ಹಳೆಯ ದಸ್ತಾವೇಜು ತೆಗೆಸಿ. ಸರ್ವೆ ನಂಬರ್, ವಿಸ್ತೀರ್ಣ, ನಾಲ್ಕು ದಿಕ್ಕಿನ ಚಕ್ಕುಬಂದಿ, ಸಹಿ ಹಾಕಿದವರ ಹೆಸರು, ಇವಿಷ್ಟನ್ನು ಪುಸ್ತಕದಲ್ಲಿ ಬರೆದು ಈಗಿನ ಆರ್.ಟಿ.ಸಿ. ಜೊತೆ ಹೋಲಿಸಿ. ಹೊಂದಿಕೆಯಾಗದ್ದು ಕಂಡರೆ ತರಗತಿಗೆ ತನ್ನಿ. ಮೂಲಪ್ರತಿ ಮನೆಯಲ್ಲೇ ಇರಲಿ.